ಪೊಟ್ಟಣದ ಮೇಲಿನ ‘ಉ’

ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಟೀಚರಮ್ಮನನ್ನು ಗಂಡ ಛೇಡಿಸಲು ಶುರುಮಾಡಿ ನಲವತ್ತು ವರ್ಷವಾಗಿತ್ತು. ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳಿಗೆ ‘ಕಂಡದ್ದನ್ನು ನಂಬಬೇಡಿ, ಪರೀಕ್ಷಿಸಿ’ ಎಂದು ಕಲಿಸಿದವರು, ನಿವೃತ್ತಿಯಾದ ಮೇಲೆ ಆ ಪಾಠವನ್ನು ಅಂಗಡಿಯವರ ಮೇಲೆ ತಿರುಗಿಸಿದ್ದರು. ಅವರ ಕೈಚೀಲದಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು.

ಗಂಡ ಗಡಿಯಾರ ರಿಪೇರಿ ಮಾಡುವವರು. ಅವರ ಕೋಣೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವರಿಗೆ ಸರಿಯಾದ ಗಡಿಯಾರವೆಂದರೆ ಅಡುಗೆಮನೆಯ ಚಹಾದ ಘಮ. ಅದು ಬಂದರೆ ನಾಲ್ಕು ಗಂಟೆ. ಕೆಲಸ ಬಿಟ್ಟು ಎದ್ದು ಬರುತ್ತಿದ್ದರು. ಚಳಿಗಾಲದ ಜ್ವರ ಅವರ ಮೂಗನ್ನು ಕಟ್ಟಿಹಾಕಿ ಹೋದ ಮೇಲೆ, ಕತ್ತಲಾದರೂ ಬೆನ್ನು ಬಗ್ಗಿಸಿ ಕೂತೇ ಇರುತ್ತಿದ್ದರು. “ಪರಿಚಯದ ವಾಸನೆ ದಿನಾ ತೋರಿಸಿ. ಬಂದರೂ ಬರಬಹುದು” ಎಂದಿದ್ದರು ಡಾಕ್ಟರು.

ಅದಕ್ಕೇ ಟೀಚರಮ್ಮ ಒಳ್ಳೆಯ ಎಲೆ ಚಹಾ ಹುಡುಕಿ ಹೊರಟದ್ದು. ಗಂಡನನ್ನು ಕೇಳಿ ಪ್ರಯೋಜನವಿರಲಿಲ್ಲ. ಏನು ಕೊಟ್ಟರೂ “ಘಮಘಮ ಅಂತಿದೆ ಕಣೇ” ಎನ್ನುತ್ತಿದ್ದರು. ಒಂದು ದಿನ ಹಾಲು ತಳಹಿಡಿದು ಮನೆಯೆಲ್ಲ ಸೀದ ವಾಸನೆ ಹೊಡೆಯುತ್ತಿದ್ದಾಗಲೂ ಅದೇ ಮಾತು ಹೇಳಿದರು. ತನ್ನ ಮನಸ್ಸು ನೋಯದಿರಲೆಂದು ಅವರು ಸುಳ್ಳು ಹೇಳುತ್ತಿದ್ದಾರೆಂದು ಟೀಚರಮ್ಮನಿಗೆ ಅಂದೇ ತಿಳಿಯಿತು.

ಬೀದಿಯ ಕೊನೆಯ ಚಹಾ ಅಂಗಡಿಯವನು ಮಾತಿಗೆ ಬಡವ. ಮೊದಲ ದಿನ ಟೀಚರಮ್ಮ, “ನಮ್ಮನೆಯವರ ಮೂಗು ಸತ್ತುಹೋಗಿದೆ ಕಣಪ್ಪಾ, ಘಮ ಜೋರಾಗಿರೋದು ಕೊಡು” ಎಂದಾಗ ಅವನು ಅಂದದ್ದು “ಹೂಂ” ಅಷ್ಟೇ. ಬೇರೆಯವರಿಗೆ ಎದುರಿನ ಡಬ್ಬಿಗಳಿಂದ ತೂಗಿ ಕೊಡುತ್ತಿದ್ದವನು, ಮರುವಾರದಿಂದ ಇವರಿಗೆ ಮಾತ್ರ ಗಲ್ಲಾದ ಕೆಳಗಿನಿಂದ ಮೊದಲೇ ಕಟ್ಟಿಟ್ಟ ಪೊಟ್ಟಣ ತೆಗೆದು ಕೊಡತೊಡಗಿದ. ಒಂದು ವಾರದ ಎಲೆ ಕಪ್ಪು, ಇನ್ನೊಂದು ವಾರದ್ದು ಕಂದು. ಪೊಟ್ಟಣದ ಮೂಲೆಯಲ್ಲಿ ಮೋಟು ಪೆನ್ಸಿಲಿನಲ್ಲಿ ಬರೆದ ಒಂದೇ ಅಕ್ಷರ: ಉ.

ಟೀಚರಮ್ಮ ಎಲೆಯನ್ನು ಒದ್ದೆ ಕಾಗದದ ಮೇಲೆ ಹರಡಿ ನೋಡಿದರು, ಬಣ್ಣ ಬಿಡಲಿಲ್ಲ. ಅಯಸ್ಕಾಂತ ಆಡಿಸಿದರು, ಕಬ್ಬಿಣದ ಪುಡಿ ಏನೂ ಅಂಟಲಿಲ್ಲ. ಕಲಬೆರಕೆ ಇಲ್ಲವೆಂದಾದ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು. ಉ ಅಂದರೆ ಇನ್ನೇನು, ‘ಉಳಿದದ್ದು’! ಡಬ್ಬಿಗಳ ತಳ ಗುಡಿಸಿದ್ದನ್ನು ಮುದುಕಿಯ ತಲೆಗೆ ಕಟ್ಟುತ್ತಿದ್ದಾನೆ. ಮೂರು ಪೊಟ್ಟಣಗಳನ್ನು ಸಾಕ್ಷಿಗೆಂದು ಬೀರುವಿನಲ್ಲಿಟ್ಟು, ಗಂಡನಿಗೆ ಮನೆಯಲ್ಲಿದ್ದ ಹಳೆಯ ಪುಡಿಯನ್ನೇ ಕುದಿಸಿ ಕೊಟ್ಟರು.

ನಾಲ್ಕನೆಯ ಪೊಟ್ಟಣಕ್ಕೆಂದು ಅಂಗಡಿಯವನು ಮತ್ತೆ ಗಲ್ಲಾದ ಕೆಳಗೆ ಬಗ್ಗಿದ.

“ಅದು ಬೇಡ. ಎದುರಿನ ಡಬ್ಬಿಯದು ಕೊಡು.”

“ಇದು ನಿಮ್ಮದೇ ಅಮ್ಮಾ.”

“ನನ್ನದು ಅಂತ ಹಣೇಲಿ ಬರೆದಿದೆಯಾ? ಉ ಅಂತ ಬರೆದಿದೆ. ಉಳಿದದ್ದು ತಾನೇ?”

ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟ. “ಅಯ್ಯೋ, ಉಳಿದದ್ದಲ್ಲಮ್ಮಾ. ಉಳಿಸಿದ್ದು!”

“ಏನು ಉಳಿಸಿದ್ದು?”

“ವಾರಕ್ಕೊಂದು ಹೊಸ ಪೆಟ್ಟಿಗೆ ಒಡೀತೀನಿ. ಒಡೆದಾಗ ಮೇಲಿರೋ ಮೊದಲ ಬೊಗಸೇಲೇ ಘಮ ಜಾಸ್ತಿ. ಆಮೇಲೆ ಗಾಳಿ ಕುಡಿದುಬಿಡುತ್ತೆ. ನಿಮ್ಮ ಯಜಮಾನರ ಮೂಗಿನ ವಿಷಯ ಹೇಳಿದ್ರಲ್ಲ, ಅದಕ್ಕೇ ತೆಗೆದಿಟ್ಟೆ.”

“ಮತ್ತೆ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು?”

“ನೀವು ಅಯಸ್ಕಾಂತ ತೆಗೆದು ಗಲ್ಲಾ ಮೇಲೆ ಇಡ್ತಿದ್ರಿ,” ಎಂದ ಅವನು ಮೆಲ್ಲಗೆ. “ನನಗೆ ಮಾತೇ ಹೊರಡ್ತಿರಲಿಲ್ಲ.”

ಟೀಚರಮ್ಮ ಪೊಟ್ಟಣ ಇಸಿದುಕೊಂಡು ಕೈಚೀಲದ ಬಾಯಿ ಮುಚ್ಚಿಕೊಂಡರು. ಅಂಗಡಿಯ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವನು ಕೂಗಿ ಹೇಳಿದ: “ಕುದಿಸಬೇಡಿ ಅಮ್ಮಾ! ಕುದಿನೀರು ಸುರಿದು ಮುಚ್ಚಿಡಿ. ಪೊಟ್ಟಣ ಇವತ್ತೇ ಬಿಚ್ಚಿ.”

ದಾರಿಯುದ್ದಕ್ಕೂ ಬೀರುವಿನಲ್ಲಿ ವ್ಯರ್ಥವಾದ ಮೂರು ಬೊಗಸೆಗಳೇ ಕಣ್ಣಮುಂದೆ. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಅವನು ಹೇಳಿದ್ದು ಸುಳ್ಳಿರಬಹುದು, ಗಂಡ ಹೇಳುವುದಂತೂ ಸುಳ್ಳೇ. ಪರೀಕ್ಷೆ ಆಗಲೇಬೇಕು.

ನಾಲ್ಕಕ್ಕೆ ಕಾಯದೆ ಎರಡೂವರೆಗೇ ನೀರಿಟ್ಟರು. ಚಪ್ಪಲಿ ಕಳಚಿ, ಪಾತ್ರೆ ಸದ್ದಾಗದಂತೆ ಕಳ್ಳಬೆಕ್ಕಿನ ಹಾಗೆ ಓಡಾಡಿದರು. ಪೊಟ್ಟಣ ಬಿಚ್ಚಿದಾಗ ಎಲೆಯಿಂದ ಸಣ್ಣಗೆ ಸೌದೆ ಹೊಗೆಯ ವಾಸನೆ ಬಂತು. ಅದನ್ನು ಯಾರಿಗೂ ಹೇಳಬಾರದೆಂದುಕೊಂಡರು. ಕುದಿನೀರು ಸುರಿದು ಮುಚ್ಚಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದು, ಅಡುಗೆಮನೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ನಿಂತರು.

ಕೋಣೆಯಲ್ಲಿ ಗಡಿಯಾರಗಳ ಟಿಕ್‌ಟಿಕ್ ಬಿಟ್ಟರೆ ಏನೂ ಇಲ್ಲ. ಚಹಾ ಆರತೊಡಗಿತು. ಅಷ್ಟರಲ್ಲಿ ಕುರ್ಚಿ ಕಿರ್ರೆಂದಿತು. ಗಂಡ ಮಸೂರವನ್ನು ಹಣೆಯ ಮೇಲೆ ಸರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಏನೇ, ಇವತ್ತು ಇಷ್ಟು ಬೇಗ ನಾಲ್ಕು ಗಂಟೆ ಆಗ್ಬಿಡ್ತಾ?”

“ಹೊತ್ತು ನೋಡಿ ಬಂದ್ರಾ?”

“ನನ್ನ ಕೋಣೇಲಿ ಯಾವ ಗಡಿಯಾರ ನಿಜ ಹೇಳುತ್ತೆ, ಹೇಳು?”

“ಸುಮ್ಮನೆ ನೀರು ಕುಡಿಯೋಕೆ ಬಂದಿರ್ತೀರಿ,” ಎಂದು ಟೀಚರಮ್ಮ ಬಟ್ಟಲಿಗೆ ಬಗ್ಗಿಸಿ ಕೊಟ್ಟರು. ಇನ್ನು ‘ಘಮಘಮ’ ಎನ್ನುತ್ತಾರೆ, ಮುಗಿಯಿತು ಎಂದುಕೊಂಡರು.

ಗಂಡ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. ಮುಖ ಗಂಟಿಕ್ಕಿತು.

“ಬೇಜಾರು ಮಾಡ್ಕೋಬೇಡ ಕಣೇ. ಆ ಅಂಗಡಿಯವನು ನಿನಗೆ ಮೋಸ ಮಾಡಿದಾನೆ. ಇದು ಹೊಗೆ ಹೊಗೆ ವಾಸನೆ.”

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ಬಟ್ಟಲಿಗೆ ಇನ್ನಷ್ಟು ಸುರಿದರು.