ಮೇಷ್ಟ್ರ ಶೂ ಪರೀಕ್ಷೆ

ಹನುಮಂತನಗರದ ಆ ಕಲ್ಯಾಣ ಮಂಟಪಕ್ಕೆ ಮದುವೆಗಳು ಕಡಿಮೆಯಾದ ಮೇಲೆ ಮಾಲೀಕರು ಊಟದ ಹಜಾರವನ್ನು ಪಿಕಲ್‌ಬಾಲ್ ಎಂಬ ಟೆನಿಸ್ಸಿನಂಥ ಆಟದ ಕೋರ್ಟ್ ಮಾಡಿಬಿಟ್ಟರು. ಎಲೆ ಹಾಕಿ ಒಬ್ಬಟ್ಟು ಬಡಿಸುತ್ತಿದ್ದ ಜಾಗಕ್ಕೆ ತಿಳಿಹಸಿರು ಬಣ್ಣದ ಮೆತ್ತನೆಯ ಹಾಸು ಬಂತು, ನಡುವೆ ಗಿಡ್ಡ ನೆಟ್ ಬಂತು, ಅದರ ಹಿಂದೆಯೇ ಎನ್.ಆರ್. ಕಾಲೋನಿಯಿಂದ ರಾಮಾನುಜ ಮೇಷ್ಟ್ರು ಬಂದರು. ಬಂದವರು ಆಡಿಕೊಂಡು ಹೋಗಬಹುದಿತ್ತು. ಆದರೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ, ನಿವೃತ್ತಿಯಾಗುವವರೆಗೂ ಲ್ಯಾಬ್ ಕಾದ ಮನುಷ್ಯನಿಗೆ ಸುಮ್ಮನೆ ಇರುವುದು ಎಲ್ಲಿಂದ ಬರಬೇಕು? ಯಾರೂ ಕೇಳದಿದ್ದರೂ ಎಲ್ಲರ ಶೂಗಳ ಉಸ್ತುವಾರಿಯನ್ನು ತಾವೇ ಹೊತ್ತುಕೊಂಡರು.

"ವಾಕಿಂಗ್ ಶೂ, ರನ್ನಿಂಗ್ ಶೂ ಎಲ್ಲ ನಡಿಯಲ್ಲ ರೀ. ಹಿಮ್ಮಡಿ ದಪ್ಪ ಇರತ್ತೆ, ಪಕ್ಕಕ್ಕೆ ಜಿಗಿದ್ರೆ ಕಾಲು ಉಳುಕತ್ತೆ. ಈ ಆಟದಲ್ಲಿ ಪಕ್ಕಕ್ಕೆ ಜಿಗಿಯೋದೇ ಜಾಸ್ತಿ. ತಳ ಚಪ್ಪಟೆ ಇರ್ಬೇಕು, ಅಗಲ ಇರ್ಬೇಕು, ನೆಲದ ಮೇಲೆ ಕಪ್ಪು ಗೆರೆ ಬೀಳ್ಬಾರ್ದು. ಕೋರ್ಟ್ ಶೂನ ಕೋರ್ಟಲ್ಲಿ ಮಾತ್ರ ಹಾಕ್ಬೇಕು, ರಸ್ತೆಗೆ ಹಾಕ್ಬಾರ್ದು," ಎಂದು ಹೊಸಬರಿಗೆಲ್ಲ ಬಾಗಿಲಲ್ಲೇ ಪಾಠ. ಅನುಮಾನ ಬಂದರೆ ಬಿಳಿ ಹಾಳೆಯ ಮೇಲೆ ಶೂವಿನ ತಳ ಒತ್ತಿ ಉಜ್ಜಿಸುತ್ತಿದ್ದರು. ಕಪ್ಪು ಹತ್ತಿದರೆ ಆ ಶೂಗೆ ಪ್ರವೇಶವಿಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ಅವರ ಗ್ರಹಚಾರ.

ಅವರ ಕಾಲಲ್ಲಿದ್ದದ್ದು ಆ ದಸರೆಗೆ ಮಗ ವಂಶಿ ತಂದುಕೊಟ್ಟ ಹೊಸ ಜೋಡಿ. ಕಡುನೀಲಿ, ಭಾರಿ ಬೆಲೆಯದು, ಡಬ್ಬದ ಮೇಲೆ ಕೋರ್ಟ್ ಶೂ ಎಂದೇ ಬರೆದಿತ್ತು. ಅಷ್ಟು ಬೆಲೆಯ ಶೂವನ್ನು ಹಾಳೆಯ ಮೇಲೆ ಉಜ್ಜಿ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಮಹಾನಂದ ಸೇರಿದ್ದು ದಸರೆ ಕಳೆದ ಮೇಲೆ. ಮಾಗಡಿ ಕಡೆಯ ರೈತಾಪಿ ಮನೆತನ, ಈಗ ಹನುಮಂತನಗರದಲ್ಲೇ ಎರಡು ಮನೆ ಬಾಡಿಗೆಗೆ ಬಿಟ್ಟುಕೊಂಡು ಆರಾಮವಾಗಿದ್ದವಳು. ಐವತ್ತು ದಾಟಿದ್ದರೂ ಚೆಂಡು ಬಾರಿಸಿದರೆ ಎದುರಿನವರು ಬೆಚ್ಚಬೇಕು, ನಕ್ಕರೆ ಹಜಾರಕ್ಕೆಲ್ಲ ಕೇಳಬೇಕು. ಮೊದಲ ದಿನ ವಾಕಿಂಗ್ ಶೂ ಹಾಕಿಕೊಂಡು ಬಂದು ಮೇಷ್ಟ್ರ ಪಾಠ ಕೇಳಿಸಿಕೊಂಡಳು. ಮಾರನೆಯ ದಿನವೇ ಮಗಳು ಯಶಶ್ರೀಯನ್ನು ಕಟ್ಟಿಕೊಂಡು ಗಾಂಧಿ ಬಜಾರಿನ ಅಂಗಡಿಗಳನ್ನೆಲ್ಲ ಸುತ್ತಿ, ಚಪ್ಪಟೆ ತಳದ್ದೇ ಬೇಕು, ಗೆರೆ ಬೀಳದ್ದೇ ಬೇಕು ಎಂದು ಹಟ ಹಿಡಿದು ಒಂದು ಜೋಡಿ ತಂದಳು. ಅದನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಗೇರಿಸುತ್ತಿದ್ದಳು.

ಅಷ್ಟರಲ್ಲಿ ಹಾಸಿನ ಮೇಲೆ ಕಪ್ಪು ಗೆರೆಗಳು ಕಾಣಿಸಿಕೊಂಡವು. ನೆಟ್ಟಿನ ಹತ್ತಿರ ಎರಡು, ಮೂಲೆಯಲ್ಲಿ ಬಾಣಲೆಯ ಮಸಿ ಬಳಿದಂತೆ ಇನ್ನೊಂದು. ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವತ್ತು ಭಾನುವಾರ, ಎಲ್ಲರೂ ಸೇರಿದ್ದರು. ಮೇಷ್ಟ್ರು ಆಟ ನಿಲ್ಲಿಸಿದರು. ಯಾರನ್ನೂ ಕೇಳಲಿಲ್ಲ, ನೇರವಾಗಿ ಮಹಾನಂದಳ ಕಡೆ ತಿರುಗಿದರು.

"ಈ ಗೆರೆ ಎಲ್ಲ ನಿಮ್ಮದೇ ಇರ್ಬೇಕು. ಎಲ್ಲಿ ತಗೊಂಡ್ರಿ ಈ ಶೂ? ಕಾಲೆತ್ತಿ, ತಳ ತೋರ್ಸಿ."

ಹತ್ತಾರು ಜನರ ಮುಂದೆ ಒಬ್ಬ ಹೆಂಗಸಿಗೆ ಕಾಲೆತ್ತು ಎಂದರು. ಅವಳು ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು, ಶೂ ಬಿಚ್ಚಿಕೊಟ್ಟಳು. ಮೇಷ್ಟ್ರು ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ನ್ಯೂಸ್‌ಪೇಪರಿನ ಚೂರಿನಲ್ಲಿ ಹಿಡಿದು, ತಿರುಗಿಸಿ ನೋಡಿ, "ಅಗ್ಗದ ರಬ್ಬರ್ ಇದು, ನೋಡಿದ್ರೇ ಗೊತ್ತಾಗತ್ತೆ," ಎಂದು ಕೆಳಗಿಟ್ಟರು. ಅವತ್ತು ಬಿಳಿ ಹಾಳೆಯನ್ನು ತರಿಸಲೂ ಇಲ್ಲ. ಅಭಿರಾಮನೆಂಬ ಬ್ಯಾಂಕಿನ ಹುಡುಗ ಬಾಟಲಿಯ ನೀರು ಕುಡಿಯುತ್ತಾ ನಿಂತ. ಉಳಿದವರು ನೆಟ್ ನೋಡಿದರು. ಮಹಾನಂದ ಮುಖ ಸಣ್ಣದು ಮಾಡಿಕೊಂಡು, "ಗೊತ್ತಾಗ್ಲಿಲ್ಲ ಸಾರ್," ಎಂದು ಚೀಲ ಎತ್ತಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಗೆರೆಗಳು ಮಾತ್ರ ನಿಲ್ಲಲಿಲ್ಲ. ಅವೆಲ್ಲ ಹಳೆಯವೇ, ಈಗ ಕಣ್ಣಿಗೆ ಬೀಳುತ್ತಿವೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು.

ಸತ್ಯ ಗೊತ್ತಾದದ್ದು ಹಾಲು ಉಕ್ಕಿದ್ದರಿಂದ. ಒಂದು ಬೆಳಿಗ್ಗೆ ಮೇಷ್ಟ್ರು ಮನೆಯ ಜಗಲಿಯಲ್ಲಿ ಕುಳಿತು ಕೋರ್ಟ್ ಶೂಗಳಿಗೆ ಹೊಸ ಲೇಸು ಪೋಣಿಸಿ, ಕಾಲಿಗೆ ಹಾಕಿ ಬಿಗಿ ನೋಡುತ್ತಿದ್ದರು. ಹೆಂಡತಿ ಜಾನಕಮ್ಮ ಬಚ್ಚಲಿನಿಂದ ಕೂಗಿದರು: "ರೀ, ಹಾಲು! ಒಲೆ ಆರ್ಸಿ!" ಮೇಷ್ಟ್ರು ಹಾಗೇ ಎದ್ದು ಓಡಿದರು. ಆ ಮನೆ ಕಟ್ಟಿದಂದಿನಿಂದ ಹೊಸ್ತಿಲು ದಾಟಿ ಒಂದು ಚಪ್ಪಲಿಯೂ ಒಳಗೆ ಬಂದಿರಲಿಲ್ಲ. ಅವತ್ತು ಶೂ ಸೀದಾ ಅಡಿಗೆಮನೆಗೇ ಹೋಯಿತು. ಒಲೆಯ ಮುಂದೆ ಗಕ್ಕನೆ ನಿಂತು ಪಕ್ಕಕ್ಕೆ ತಿರುಗಿದರು, ಥೇಟ್ ನೆಟ್ಟಿನ ಮುಂದೆ ತಿರುಗುವ ಹಾಗೆ.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದ ಜಾನಕಮ್ಮ ಮೊದಲು ಕಾಲು ನೋಡಿದರು. "ಅಯ್ಯೋ ರಾಮ, ಶೂ ಹಾಕ್ಕೊಂಡು ಅಡಿಗೆಮನೆಗಾ? ಮಡಿಗೆ ಬೆಂಕಿ ಬೀಳ್ಲಿ, ಇದೇನ್ರೀ ಇದು ನೆಲದ ಮೇಲೆ, ಕರೀ ಗೆರೆ?"

ಬಿಳಿ ಟೈಲಿನ ಮೇಲೆ ಗೇಣುದ್ದದ ಕಪ್ಪು ಗೆರೆ. ಜಾನಕಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಹೋಗಲಿಲ್ಲ. ಮೇಷ್ಟ್ರು ಅಲ್ಲೇ ಕುಳಿತು ಶೂ ಬಿಚ್ಚಿ, ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಬಿಳಿ ಬೆನ್ನಿನ ಮೇಲೆ ತಳ ಉಜ್ಜಿದರು. ಅಚ್ಚಗಪ್ಪು. ಎದ್ದು ಹೋಗಿ ಶೂವಿನ ಡಬ್ಬ ಹುಡುಕಿ ತಂದರು. ಸಿಮೆಂಟ್ ಕೋರ್ಟಿಗೆಂದು ಮಾಡಿದ ಶೂ ಅದು. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಹಾಗೇ ಬರೆದಿತ್ತು, ಓದಿರಲಿಲ್ಲ.

ಎರಡು ದಿನ ಅವರಿಗೆ ಊಟ ರುಚಿಸಲಿಲ್ಲ. ಸದ್ದಿಲ್ಲದೆ ಬೇರೆ ಶೂ ಕೊಂಡುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಅದು ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಕೊನೆಗೆ ಸಂಜೆ ಹೊತ್ತಿಗೆ ಮಹಾನಂದಳ ಮನೆಗೆ ಹೋದರು.

ಅವಳು ಗೇಟಿನಲ್ಲೇ ಸಿಕ್ಕಳು, ಕೈಯಲ್ಲಿ ಸೊಪ್ಪಿನ ಚೀಲ. ಕಾಲಲ್ಲಿ ಆ ಕೋರ್ಟ್ ಶೂಗಳು. ರಸ್ತೆಯ ಕೆಸರು, ಸಗಣಿ ಮೆತ್ತಿ ಬಣ್ಣವೇ ಕೆಟ್ಟಿತ್ತು.

"ಬನ್ನಿ ಸಾರ್. ಸುಮ್ನೆ ಇಟ್ಟು ಏನ್ಮಾಡೋದು ಅಂತ ಮಾರ್ಕೆಟ್‌ಗೆ ಹಾಕ್ಕೊಂಡ್ ಹೋಗ್ತಿದೀನಿ," ಎಂದಳು. ಕೂರಿಸಿದಳು, ಕಾಫಿ ತಂದಳು. "ಅವತ್ತು ಮನೆಗ್ ಬಂದು ನಾನೂ ಪೇಪರ್ ಮೇಲೆ ಉಜ್ಜಿದೆ ಸಾರ್. ಏನೂ ಬರ್ಲಿಲ್ಲ. ನಂಗೆ ಉಜ್ಜಕ್ಕೆ ಬರಲ್ವೇನೋ ಅಂದ್ಕೊಂಡೆ. ನೀವು ಓದಿದೋರು ಹೇಳಿದ್ಮೇಲೆ ನಂದೇ ಇರ್ಬೇಕಲ್ವಾ."

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. "ನಿಮ್ಮದಲ್ಲಮ್ಮ. ಗೆರೆ ನನ್ನ ಶೂದು. ತಪ್ಪು ನಂದು, ಕ್ಷಮಿಸ್ಬೇಕು," ಎಂದರು.

ಮಹಾನಂದ ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ಆರಿಸಿ ತೆಗೆದಳು. ಆಮೇಲೆ ಮೆತ್ತಗೆ ಅಂದಳು: "ಕಾಲೆತ್ತು ಅಂದಿದ್ದು ಎಲ್ಲರ ಮುಂದೆ ಸಾರ್. ಕ್ಷಮ್ಸಿ ಅಂತ ಹೇಳಕ್ಕೆ ಮಾತ್ರ ಮನೆಗೆ ಬಂದಿದೀರ."

ಕಾಫಿ ಆರಿಹೋಯಿತು. ಎದ್ದು ಹೊರಡುವಾಗ ಮೇಷ್ಟ್ರು, "ಭಾನುವಾರ ದಯವಿಟ್ಟು ಬನ್ನಿ," ಎಂದಷ್ಟೇ ಹೇಳಿದರು.

ಭಾನುವಾರ ಅವಳು ಬಂದಳು. ಒಳಗೆ ಬರಲಿಲ್ಲ, ಬಾಗಿಲ ಹತ್ತಿರ ಚಪ್ಪಲಿ ಬಿಡದೆ ನಿಂತಳು. ಮೇಷ್ಟ್ರು ಆಟ ನಿಲ್ಲಿಸಿದರು. ಅವತ್ತು ಅವಳು ಹಿಡಿದಿದ್ದ ಗೋಡೆಯನ್ನೇ ಹಿಡಿದು, ಒಂಟಿಕಾಲಲ್ಲಿ ನಿಂತು, ಕಾಲೆತ್ತಿ ತಮ್ಮ ಶೂ ಬಿಚ್ಚಿದರು. ಬಿಳಿ ಹಾಳೆಯ ಮೇಲೆ ಉಜ್ಜಿ ಎಲ್ಲರಿಗೂ ತೋರಿಸಿದರು.

"ನೋಡಿ. ಗೆರೆ ನನ್ನದು. ಮಹಾನಂದ ಅವರದ್ದಲ್ಲ. ಪರೀಕ್ಷೆ ಮಾಡ್ದೆ ಅವರ ಮರ್ಯಾದೆ ತೆಗೆದೆ."

ಅಭಿರಾಮ ನಕ್ಕ. "ಅಯ್ಯೋ ಬಿಡಿ ಸಾರ್, ಒಂದ್ ಗೆರೆಗೆ ಇಷ್ಟೆಲ್ಲಾನಾ? ಯಾರಾದ್ರೂ ಬೇಕಂತ ಮಾಡ್ತಾರಾ?" ಉಳಿದವರೂ ನಕ್ಕರು. ಒಬ್ಬರು ಕುರ್ಚಿ ತಂದು ಮೇಷ್ಟ್ರನ್ನು ಕೂರಿಸಿದರು, ಇನ್ನೊಬ್ಬರು ನೀರು ಕೊಟ್ಟರು.

ಬಿಡಿ ಎಂಬ ಆ ಮಾತನ್ನು ಮಹಾನಂದ ಒಂಟಿಕಾಲಲ್ಲಿ ನಿಂತ ದಿನ ಅವಳಿಗೆ ಒಬ್ಬರೂ ಹೇಳಿರಲಿಲ್ಲ, ಕುರ್ಚಿಯನ್ನೂ ಕೊಟ್ಟಿರಲಿಲ್ಲ. ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅವಳಿಗೂ ಕೇಳಿಸಿತ್ತು. ಅವರು ಇನ್ನೊಂದು ಶೂವನ್ನೂ ಬಿಚ್ಚಿ, ಕುರ್ಚಿ ಬಿಟ್ಟೆದ್ದು, ಬರಿಗಾಲಲ್ಲಿ ಹಾಸಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕರವಸ್ತ್ರದಲ್ಲಿ ಮೊದಲ ಗೆರೆ ಉಜ್ಜತೊಡಗಿದರು.

ಸ್ವಲ್ಪ ಹೊತ್ತಿಗೆ ಹತ್ತಿರದಲ್ಲೇ ಎರಡು ಬರಿಗಾಲು ಕಾಣಿಸಿದವು.

"ಹೊಸ ಶೂ ತಗೊಳಕ್ಕೆ ಹೋಗುವಾಗ ಹೇಳಿ ಸಾರ್, ನಾನೂ ಬರ್ತೀನಿ," ಎಂದಳು ಮಹಾನಂದ. "ನಂದನ್ನ ರಸ್ತೆಗೆ ಹಾಕ್ಬಿಟ್ಟೆ. ಇನ್ನು ಕೋರ್ಟಿಗೆ ಬರಲ್ಲ ಅದು."

ಮೇಷ್ಟ್ರು ಹೂಂ ಎಂದರು. ತಲೆ ಎತ್ತಲು ಮಾತ್ರ ಆಗಲಿಲ್ಲ, ಆ ಗೆರೆಯನ್ನೇ ಉಜ್ಜುತ್ತಿದ್ದರು.