ಓದಿನ ಬಾಬ್ತು

"ಅದರ ಮೇಲೂ ಅಕ್ಷರ ಮೂಡುತ್ತೆ, ಮಕ್ಕಳು ಓದ್ತಾವೆ. ಓದಿನ ಬಾಬ್ತಿಗೇ ಹಾಕಿಬಿಡು, ವರ್ನಾ," ಎಂದ ಸೂಪರಿಂಟೆಂಡೆಂಟ್ ರಾಡೆಮೇಕರ್.

ಅವನು ಹೇಳುತ್ತಿದ್ದದ್ದು ಫುಟ್‌ಬಾಲ್ ಮೈದಾನಕ್ಕೆ ತರಿಸಬೇಕೆಂದಿದ್ದ ಸ್ಕೋರ್‌ಬೋರ್ಡಿನ ಮಾತು. ವರ್ನಾ ಸ್ಟುಟ್ಸ್ ಹತ್ತೊಂಬತ್ತು ವರ್ಷದಿಂದ ಓಹಾಯೋದ ಆ ಪುಟ್ಟ ಶಾಲಾ ಜಿಲ್ಲೆಯ ಅನುದಾನಗಳ ಲೆಕ್ಕ ಕಾಯ್ದವಳು. ಶಾಲೆಗಳಿಗೆಲ್ಲ ಮುಖ್ಯಸ್ಥರಾಗಿ ಬಂದ ಐವರು ಸೂಪರಿಂಟೆಂಡೆಂಟರನ್ನು ಕಂಡಿದ್ದಳು; ಅವರಲ್ಲಿ ಕುಡುಕನಿದ್ದ, ಮರೆಗುಳಿಯಿದ್ದ. ಇಷ್ಟು ನಾಚಿಕೆಗೆಟ್ಟವನು ಇವನೇ ಮೊದಲು. ಮೂವತ್ತು ವರ್ಷದ ಹಿಂದೆ ಫುಟ್‌ಬಾಲ್ ತಂಡ ಗೆದ್ದಾಗ, ಆಡದೆ ಬೆಂಚಿನ ಮೇಲೆ ಕೂತಿದ್ದವನಿಗೂ ಕೊಟ್ಟ ಗೆಲುವಿನ ಉಂಗುರವನ್ನು ಇನ್ನೂ ಬೆರಳಿಂದ ಕಳಚದ ಗಂಡು!

ಓದಿನ ಬಾಬ್ತೆಂದರೆ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಪಾಠ ಹೇಳಿಸಲೆಂದು ರಾಜ್ಯ ಕೊಟ್ಟ ಹಣ. ಆ ಪಾಠದ ಟೀಚರು ಜನವರಿಯಲ್ಲಿ ಕೆಲಸ ಬಿಟ್ಟಿದ್ದರಿಂದ ಸಂಬಳದ ಬಾಬ್ತಿನಲ್ಲಿ ಇಪ್ಪತ್ತೆಂಟು ಸಾವಿರ ಡಾಲರು ಉಳಿದಿತ್ತು. ಆ ಜಾಗಕ್ಕೆ ಬಂದ ಎರಡು ಅರ್ಜಿಗಳನ್ನು ರಾಡೆಮೇಕರ್ ತೆರೆದೂ ನೋಡಿರಲಿಲ್ಲ. ಮೂರನೇ ತರಗತಿಯ ಹನ್ನೊಂದು ಮಕ್ಕಳು ಪಾಠದ ಹೊತ್ತಿಗೆ ಚಿತ್ರಕ್ಕೆ ಬಣ್ಣ ಹಚ್ಚುತ್ತ ಕೂರುತ್ತಿದ್ದವು.

ಅನುಮೋದನೆಯಾದ ಬಜೆಟ್ಟಿನಲ್ಲಿ ಇಲ್ಲದ್ದನ್ನು ಕೊಳ್ಳಬೇಕಾದರೆ ಮೊದಲು ರಾಜ್ಯದ ಕಚೇರಿಗೆ ಕಾರಣ ಬರೆದು, ಕೆಳಗೆ ಅವನೇ ರುಜು ಹಾಕಬೇಕು ಎಂದಳು ವರ್ನಾ. ರುಜು ಎಂದೊಡನೆ ಅವನ ನಗೆ ಒಣಗಿತು.

"ಹೋದ ವರ್ಷ ಇದೇ ಬಾಬ್ತಲ್ಲಿ ತರಬೇತಿ ಅಂತ ಸರೋವರದ ಹೋಟೆಲಿಗೆ ಹೋಗಿದ್ವಲ್ಲ. ಆ ಬಿಲ್ಲಿಗೆ ರುಜು ಯಾರದು?"

ಅವಳದೇ. ಒಂದು ಗಂಟೆ ತರಬೇತಿ, ಉಳಿದ ಎರಡು ದಿನ ಮೀನು ಹಿಡಿಯುವುದು, ಬಿಯರು. ಹೊಸ ಸಾಹೇಬ, ಯಾಕೆ ನಿಷ್ಠುರ ಎಂದು ಗೊತ್ತಿದ್ದೇ ಹಾಕಿದ್ದಳು. ಇಷ್ಟು ಹೊತ್ತು ಅವನ ಮೇಲಿದ್ದ ಹೇಸಿಗೆ ತನ್ನ ಕಡೆಗೂ ತಿರುಗಿತು. ಅವನು ನುಗ್ಗುವವನು, ಸರಿ. ಬಾಗಿಲು ತೆಗೆದುಕೊಟ್ಟವಳು ಯಾರು?

"ನಂದೇ. ಅದನ್ನೂ ರಾಜ್ಯಕ್ಕೆ ಬರೀತೀನಿ."

"ಪಿಂಚಣಿಗೆ ಇನ್ನೆರಡೇ ವರ್ಷ ನಿಂಗೆ. ಸ್ವಲ್ಪ ಯೋಚನೆ ಮಾಡು."

"ನಿಮ್ಮ ಹೆಸರು ಪೂರ್ತಿ ಬರೀಲೋ, ಹುದ್ದೆ ಸಾಕೋ, ಸರ್?"

ಅವತ್ತೇ ಬರೆದಳು. ತನ್ನ ತಪ್ಪಿಗೆ ಒಂದು ನೆಪವನ್ನೂ ಸೇರಿಸಲಿಲ್ಲ. ಎರಡು ವಾರಕ್ಕೆ ರಾಜ್ಯದ ತನಿಖೆಯವರು ಬಂದರು. ಹೋಟೆಲಿನ ಹಣವನ್ನು ಜಿಲ್ಲೆ ತನ್ನ ಬೊಕ್ಕಸದಿಂದ ರಾಜ್ಯಕ್ಕೆ ವಾಪಸು ಕಟ್ಟಬೇಕಾಯಿತು, ಸ್ಕೋರ್‌ಬೋರ್ಡು ಅಲ್ಲಿಗೇ ನಿಂತಿತು, ಟೀಚರ ಜಾಗಕ್ಕೆ ಒಬ್ಬಳನ್ನು ನೇಮಿಸಿದರು. ಏಪ್ರಿಲ್‌ನ ಸಭೆಯಲ್ಲಿ ಶಾಲಾ ಮಂಡಳಿಯ ಅಧ್ಯಕ್ಷರು ತನಿಖೆಗೆ ಮನಸಾರೆ ಸಹಕರಿಸಿದ್ದಕ್ಕೆ ರಾಡೆಮೇಕರನನ್ನು ಹೊಗಳಿದರು. ನಾಲ್ವರು ಸದಸ್ಯರು ಚಪ್ಪಾಳೆಯನ್ನೂ ತಟ್ಟಿದರು. ಬಿಲ್ಲಿನ ಮೇಲೆ ರುಜು ಇದ್ದದ್ದು ವರ್ನಾ ಒಬ್ಬಳದೇ ಆದ್ದರಿಂದ ಅವಳನ್ನು ಸಂಬಳ ಇಳಿಸಿ ಶಾಲಾ ಬಸ್ಸುಗಳ ವಿಭಾಗಕ್ಕೆ ಹಾಕಿದರು. ಅವಳು ಎದ್ದು ನಿಂತು ಆಗಲಿ ಎಂದಳು.

ಹೊರಗೆ ಏಪ್ರಿಲ್ ಆದರೂ ಹಿಮ ಬಿದ್ದು ಕಾರುಗಳ ಗಾಜಿನ ಮೇಲೆ ಹೆಪ್ಪುಗಟ್ಟಿತ್ತು. ವರ್ನಾ ತನ್ನ ಕಾರಿನ ಗಾಜು ಕೆರೆಯತೊಡಗಿದಳು. ಪಕ್ಕದಲ್ಲೇ ರಾಡೆಮೇಕರ್ ಬಂದು ತನ್ನದನ್ನು ಕೆರೆಯತೊಡಗಿದ. ಇಬ್ಬರೂ ತಲೆ ಎತ್ತಲಿಲ್ಲ. ಕಾಣುವಷ್ಟು ಗಾಜು ಮೊದಲು ತೆರವಾದದ್ದು ಅವಳದು. ಅವಳು ಒಳಗೆ ಕೂತಳು, ಕೈ ಬೆಚ್ಚಗಾಗುವ ತನಕ ಹಾಗೇ ಇದ್ದು, ಆಮೇಲೆ ಹೊರಟಳು.