ಹಳ್ಳದಾಚೆಯ ಮನೆಗಳು

ಸುಭದ್ರಾ ಮೇಡಂ ಸಭೆ ನಡೆಸುವುದನ್ನು ಕಲಿಸುವವರು. ನಗಬೇಡಿ, ಅದನ್ನೂ ಕಲಿಯಬೇಕಾಗುತ್ತದೆ. ಗ್ರಾಮಸಭೆ ಎಂದರೆ ಮುಂದಿನ ಸಾಲಿನ ಕುರ್ಚಿಯಲ್ಲಿ ಎಸ್ಟೇಟಿನ ಸಾಹುಕಾರರು, ಹಿಂದೆ ಗೋಡೆಗೆ ಒರಗಿ ನಿಂತ ಕೂಲಿಯವರು, ಕಡೆಗೆ ಎಲ್ಲರಿಗೂ ಒಪ್ಪಿಗೆ ತಾನೆ ಅಂದು ಕಾಫಿ ಕುಡಿದು ಏಳುವುದು ಎಂದೇ ತಿಳಿದಿದ್ದ ಪಂಚಾಯಿತಿ ಕಾರ್ಯದರ್ಶಿಗಳನ್ನೂ ಮೇಷ್ಟ್ರುಗಳನ್ನೂ ಮೂಡಿಗೆರೆಗೆ ಕರೆಸಿ, ಐದು ದಿನ ಕೂರಿಸಿ, ಅವರ ತಲೆಯ ಕಸವನ್ನೆಲ್ಲ ಗುಡಿಸಿ ಹೊರಗೆ ಹಾಕುವುದು ಅವರ ಕೆಲಸ. ಗುಡಿಸುವಾಗ ಪೊರಕೆ ಯಾರ ಕಾಲಿಗೆ ತಗುಲಿತು ಎಂದು ನೋಡುವ ಹೆಂಗಸಲ್ಲ ಅವರು.

ಐದನೆಯ ದಿನ ಕಲಿತದ್ದನ್ನು ಒಂದು ಊರಿನಲ್ಲಿ ಮಾಡಿ ತೋರಿಸಬೇಕು. ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯ ಮೊದಲಲ್ಲಿ ಆ ಊರು ಸಂಸೆಯಿಂದ ಆಚೆಗಿನ ಬಿದಿರುಮಕ್ಕಿಯಾಗಿತ್ತು. ಊರಿಗೆ ನಲ್ಲಿ ನೀರು ಬರುವುದಿತ್ತು. ಪೈಪನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಊರವರೇ ಹೇಳಬೇಕು.

ಜೀಪಿನಲ್ಲಿ ಹೋಗುವಾಗ ಯಶವಂತ ಮೆಲ್ಲಗೆ ಬಾಯಿಬಿಟ್ಟ. ಅವನು ಪಂಚಾಯಿತಿ ಕಾರ್ಯದರ್ಶಿ, ನಾಲ್ಕು ದಿನವೂ ಕಿಟಕಿಯ ಹತ್ತಿರ ಕೂತು ಬೈಸಿಕೊಂಡವನು. ಅರಣ್ಯ ಇಲಾಖೆಯ ರೇಂಜರ್ ಸಾಹೇಬರಿಗೂ ಹೇಳಿಕಳಿಸಿದ್ದೀರಂತೆ, ಅವರಿಲ್ಲದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದ. ಕಾಡೊಳಗಿನ ಮನೆಗಳನ್ನು ಎಬ್ಬಿಸುತ್ತಾರೆ ಎಂಬ ಸುದ್ದಿ ಆ ವರ್ಷ ಸುತ್ತಲ ಊರುಗಳಲ್ಲೆಲ್ಲ ಓಡಾಡುತ್ತಿತ್ತು. ಜನ ಖಾಕಿ ಬಟ್ಟೆ ಕಂಡರೆ ಮಾತು ನಿಲ್ಲಿಸುತ್ತಿದ್ದರು. ಸುಭದ್ರಾ ಜೀಪಿನಲ್ಲಿದ್ದ ಅಷ್ಟೂ ಜನರ ಎದುರಿಗೆ ಅವನ ನೀರಿಳಿಸಿಬಿಟ್ಟರು. ಸಂಬಂಧಪಟ್ಟವರಲ್ಲಿ ಅರ್ಧ ಜನರನ್ನು ಬಿಟ್ಟು ಮಾಡುವುದು ಸಭೆಯಲ್ಲ, ಪಿತೂರಿ ಎಂದರು. ಯಶವಂತ ಕಿವಿ ಕೆಂಪಗೆ ಮಾಡಿಕೊಂಡು ಹೊರಗೆ ನೋಡತೊಡಗಿದ.

ರೇಂಜರ್ ಬರುತ್ತಾರೆ ಎಂಬುದನ್ನು ಬಿದಿರುಮಕ್ಕಿಯವರಿಗೆ ಮಾತ್ರ ಅವರು ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಬಂದಾಗ ಪರಿಚಯ ಮಾಡಿಸಿದರಾಯಿತು ಎಂದುಕೊಂಡಿದ್ದರು, ಅಷ್ಟೆ.

ಶಾಲೆಯ ಅಂಗಳದಲ್ಲಿ ನಕ್ಷೆ ಶುರುವಾಯಿತು. ಊರವರು ನೆಲದ ಮೇಲೆ ತಮ್ಮ ಊರನ್ನು ತಾವೇ ಬಿಡಿಸುವುದು. ದಾರಿಗೆ ಬೂದಿ, ಹಳ್ಳಕ್ಕೆ ರಂಗೋಲಿ ಪುಡಿ, ಮನೆಗೆ ಇಟ್ಟಿಗೆ ಪುಡಿ, ಕಾಡಿಗೆ ಸೊಪ್ಪು. ಕಲಿಯಲು ಬಂದವರು ಸುತ್ತ ಕೂತು ನೋಡಬೇಕೇ ಹೊರತು ಕೈ ಹಾಕುವಂತಿಲ್ಲ. ನಕ್ಷೆ ಅವರದು, ಮುಟ್ಟಿದರೆ ಕೈ ಕಟ್ಟಿಹಾಕುತ್ತೇನೆ ಎಂದು ಸುಭದ್ರಾ ಹೆದರಿಸಿಟ್ಟಿದ್ದರು.

ಮೊದಲು ಯಾರೂ ಮುಂದೆ ಬರಲಿಲ್ಲ. ಆಮೇಲೆ ಕಲ್ಲಮ್ಮ ಬಂದಳು. ಎಸ್ಟೇಟಿಗೆ ಕೆಲಸಕ್ಕೆ ಹೋಗುವ, ಅಗಲ ಹಣೆಯ, ಗಟ್ಟಿ ದನಿಯ ಹೆಂಗಸು. ಸೆರಗು ಸಿಕ್ಕಿಸಿಕೊಂಡು ಕೂತು ಹಳ್ಳವನ್ನು ಎಷ್ಟು ಚೆಂದಾಗಿ ಎಳೆದಳೆಂದರೆ, ಕೆಳಗಿನ ಕೇರಿಯ ತಿಮ್ಮಪ್ಪನೂ ಎದ್ದು ಬಂದು ತನ್ನ ಮನೆ ತೋರಿಸಿದ. ಅವನಿಗೂ ಕಲ್ಲಮ್ಮನಿಗೂ ನೀರಿನ ಜಗಳ ಹಳೆಯದು. ಮೇಲಿನವರು ಹಳ್ಳ ಕಟ್ಟಿಕೊಂಡು ಕೆಳಗಿನವರ ಬಾಯಿ ಒಣಗಿಸುತ್ತಾರೆ ಎಂದು ಅವನು, ಕುಡಿಯುವ ಒಂದು ಕೊಡಕ್ಕೂ ಕಣ್ಣು ಹಾಕುತ್ತಾನೆ ಎಂದು ಇವಳು. ನಕ್ಷೆಯ ಮೇಲೂ ಅದೇ ಜಗಳ ಆಯಿತು. ಸುಭದ್ರಾ ಹಿಗ್ಗಿಹೋದರು. ನೋಡಿ, ಜನ ಮಾತಾಡುವುದು ಅಂದರೆ ಇದು ಎಂದು ಕಲಿಯುವವರಿಗೆ ಕಣ್ಣಲ್ಲೇ ಹೇಳಿದರು.

ಕಲ್ಲಮ್ಮನ ಕೈ ಒಂದು ಕಡೆ ಮಾತ್ರ ತಡೆಯಿತು. ಹಳ್ಳದಾಚೆ ಏಳು ಮನೆಗಳಿದ್ದವು, ಅವಳದೂ ಸೇರಿ. ಕೆಳಗೆ ಗುಡ್ಡ ಜರಿದು ಮನೆಗಳು ಕೂತುಹೋದ ವರ್ಷ ಆ ಏಳು ಸಂಸಾರ ಹಳ್ಳ ದಾಟಿ ಮಣ್ಣಿನ ಗೋಡೆ ಎಬ್ಬಿಸಿಕೊಂಡಿದ್ದವು. ಹಳ್ಳವೇ ಕಾಡಿನ ಗಡಿ. ಫಾರೆಸ್ಟ್ ಗಾರ್ಡಿಗೆ ಇದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದ.

ಆಚೆ ಮನೆಗಳನ್ನೂ ಬರೆಯಬೇಕಾ ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಬರೀದೆ ಮತ್ತೆ? ನಕ್ಷೇಲಿ ಇಲ್ಲದ ಮನೆಗೆ ಪೈಪು ಹೇಗೆ ಬರುತ್ತಮ್ಮ? ಹೆದರಬೇಡಿ, ನಾನಿದೀನಿ" ಎಂದರು ಸುಭದ್ರಾ.

ಕಲ್ಲಮ್ಮ ನಂಬಿದಳು. ಇಟ್ಟಿಗೆ ಪುಡಿ ಹಿಡಿದು ಏಳು ಮನೆಗಳನ್ನೂ ಒಂದರ ಪಕ್ಕ ಒಂದು ಇಟ್ಟಳು. ತನ್ನ ಮನೆಯ ಮುಂದೆ ಒಂದು ನಲ್ಲಿಯನ್ನೂ ಬಿಡಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಊಟದ ಹೊತ್ತು ಕಳೆದ ಮೇಲೆ ಇಳಿಜಾರಿನಲ್ಲಿ ಇನ್ನೊಂದು ಜೀಪಿನ ಸದ್ದು ಕೇಳಿಸಿತು. ಅದರಿಂದ ರೇಂಜರ್ ಚನ್ನಕೇಶವ ಇಳಿದರು. ಆ ರೇಂಜಿಗೆ ಹೊಸಬರು, ಮೆದು ಮಾತಿನ ಮನುಷ್ಯ. ತಡವಾಯಿತು, ಕ್ಷಮಿಸಬೇಕು ಅಂದರು. ಅಂಗಳದಲ್ಲಿ ಅಷ್ಟು ಹೊತ್ತು ಇದ್ದ ಗಲಾಟೆ ಗಪ್ಪನೆ ನಿಂತಿತು. ಹೆಂಗಸರು ಸೆರಗು ಎಳೆದುಕೊಂಡರು. ತಿಮ್ಮಪ್ಪ ಕೂತಲ್ಲಿಂದ ಎದ್ದು ನಿಂತ. ಕಲ್ಲಮ್ಮ ರೇಂಜರನ್ನು ನೋಡಲಿಲ್ಲ, ಸುಭದ್ರಾರ ಮುಖವನ್ನೇ ನೋಡಿದಳು. ಇವರು ಬರುತ್ತಾರೆಂದು ನಿಮಗೆ ಗೊತ್ತಿತ್ತಾ ಎಂದು ಆ ನೋಟ ಕೇಳುತ್ತಿತ್ತು. ಅಯ್ಯೋ, ನಾನೇನು ಮಾಡಿಬಿಟ್ಟೆ ಎಂದು ಆಗ ಹೊಳೆಯಿತು ಮಹಾರಾಯಿತಿ ಸುಭದ್ರಾರಿಗೆ.

ಚನ್ನಕೇಶವ ನಕ್ಷೆಯ ಸುತ್ತ ಒಂದು ಸುತ್ತು ಬಂದರು. ಬಹಳ ಚೆನ್ನಾಗಿ ಮಾಡಿದ್ದೀರಿ ಎಂದು ಹೊಗಳಿದರು. ಶಾಲೆ ಇದಲ್ಲವೇ, ದೇವರ ಬನ ಇದಲ್ಲವೇ ಎಂದು ಒಂದೊಂದೇ ಗುರುತು ಹಿಡಿದರು. ಆಮೇಲೆ ಬಿಳಿ ಗೆರೆಯ ಹತ್ತಿರ ನಿಂತುಬಿಟ್ಟರು. ಕೂಗಾಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಇದು ಹಳ್ಳ ಅಲ್ವಾ ಮೇಡಂ? ಮನೆಗಳು ಇದರಾಚೆ ಇದಾವಲ್ಲ?"

ಇಂಥ ಹೊತ್ತಿಗೆಂದೇ ಸುಭದ್ರಾರ ಹತ್ತಿರ ಒಂದು ಪಾಠವಿತ್ತು. ಸಭೆ ನಡೆಸುವವರು ಜನರ ಪರವಾಗಿ ಉತ್ತರ ಕೊಡಬಾರದು ಎಂಬ ಪಾಠ. ನೂರು ಸಲ ಹೇಳಿದ ಮಾತು ತಾನಾಗಿ ಹೊರಗೆ ಬಂತು, ಅದನ್ನು ಊರವರನ್ನೇ ಕೇಳಿ ಎಂದುಬಿಟ್ಟರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು. ರೇಂಜರ್ ಊರವರ ಕಡೆ ತಿರುಗಿದರು. ಕಲ್ಲಮ್ಮನ ಬೆರಳುಗಳಲ್ಲಿ ಇನ್ನೂ ಇಟ್ಟಿಗೆಯ ಕೆಂಪು ಇತ್ತು. ಅವಳು ಆ ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ಅದು ಸುಭದ್ರಾರಿಗೆ ಕಂಡಿತು. ತನಗೇನಾಗಬೇಕು, ಸಂಜೆಗೆ ಜೀಪು ಹತ್ತಿದರೆ ಮೂಡಿಗೆರೆಯ ಮನೆ ಇದೆ. ಇವಳು ಎಲ್ಲಿಗೆ ಹೋಗಬೇಕು?

ರೇಂಜರ್ ದನಿ ಇನ್ನಷ್ಟು ತಗ್ಗಿಸಿದರು. ಆ ಮಾತನ್ನು ಸುಭದ್ರಾರಿಗೊಬ್ಬರಿಗೇ ಹೇಳಿದಂತಿತ್ತು.

"ಕಾಡಲ್ಲಿ ಕಂಡಿದ್ರೆ ಕಾಣದ ಹಾಗೆ ಇರಬಹುದಿತ್ತು. ಇಷ್ಟು ಜನ ಸರ್ಕಾರಿ ನೌಕರರ ಮುಂದೆ ನೋಡಿದ ಮೇಲೆ ನೋಡಿಲ್ಲ ಅನ್ನೋದು ಹೇಗೆ? ನನಗೂ ಮೇಲಿನವರು ಇದಾರೆ ಮೇಡಂ."

ಅವರಿಗೂ ಹೆದರಿಕೆ. ದುಷ್ಟನಾಗಿದ್ದರೆ ಜಗಳವಾಡಬಹುದಿತ್ತು, ಹೆದರಿದವನ ಹತ್ತಿರ ಏನು ಆಡುವುದು?

ಸುಭದ್ರಾ ಚಪ್ಪಲಿ ಬಿಟ್ಟು ನಕ್ಷೆಯೊಳಗೆ ಕಾಲಿಟ್ಟರು. ಕಲಿಯಲು ಬಂದವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದ ಹಾಗೆಯೇ ಕುಕ್ಕರಗಾಲಲ್ಲಿ ಕೂತು ಆ ಚೆಂದದ ಹಳ್ಳವನ್ನು ಅಂಗೈಯಿಂದ ಒರೆಸಿಹಾಕಿದರು. ಮುಷ್ಟಿ ತುಂಬ ರಂಗೋಲಿ ಪುಡಿ ತೆಗೆದು ಏಳು ಮನೆಗಳ ಮೇಲುಗಡೆ ಹೊಸ ಗೆರೆ ಎಳೆದರು. ಗೆರೆ ಸೊಟ್ಟಗೆ ಬಂತು, ಆದರೆ ಏಳೂ ಮನೆಗಳು ಹಳ್ಳದ ಈಚೆಗೆ ಬಂದವು.

"ಹಳ್ಳ ಎಳೆದದ್ದು ನಾನು, ತಪ್ಪಾಗಿತ್ತು. ಇವರು ಆಗಿನಿಂದ ಹೇಳ್ತಾನೇ ಇದ್ರು, ನಾನೇ ಕೇಳಲಿಲ್ಲ" ಎಂದರು. ಹತ್ತು ವರ್ಷದಿಂದ ಜನರಿಗೆ ನಿಜ ಹೇಳುವುದನ್ನು ಕಲಿಸಿದವರ ಬಾಯಲ್ಲಿ ಆ ಸುಳ್ಳು ಕೆಟ್ಟದಾಗಿ ತೊದಲಿತು.

ಚನ್ನಕೇಶವ ಸುಭದ್ರಾರನ್ನು ನೋಡಿದರು, ಗೆರೆಯನ್ನು ನೋಡಿದರು. ಆಮೇಲೆ ಎಲ್ಲರನ್ನೂ ಬಿಟ್ಟು ತಿಮ್ಮಪ್ಪನನ್ನು ಕರೆದರು. ಹಳ್ಳ ಎಲ್ಲಿದೆ, ನೀನು ಹೇಳು ಅಂದರು. ಬೆಳಗಿನಿಂದ ಕಲ್ಲಮ್ಮನ ಜೊತೆ ಹಲ್ಲು ಕಡಿಯುತ್ತಿದ್ದ ತಿಮ್ಮಪ್ಪ. ಆ ಏಳು ಮನೆ ಎದ್ದುಹೋದರೆ ಹಳ್ಳದ ನೀರೆಲ್ಲ ಅವನ ಗದ್ದೆಗೇ ಇಳಿಯುತ್ತದೆ. ಯಶವಂತ ಕಣ್ಣು ಮುಚ್ಚಿಕೊಂಡ. ತಿಮ್ಮಪ್ಪ ಕಲ್ಲಮ್ಮನ ಕಡೆ ಒಮ್ಮೆ ನೋಡಿ, ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಡಂ ಈಗ ಎಳೆದ್ರಲ್ಲ, ಅಲ್ಲೇ ಸಾ."

ರೇಂಜರ್ ತಲೆಯಾಡಿಸಿದರು. ನಂಬಿದರು ಎಂದು ಯಾರಿಗೂ ಅನಿಸಲಿಲ್ಲ. ಕಾಫಿ ಬೇಡವೆಂದು ಜೀಪಿನ ಕಡೆ ನಡೆದವರು, ಸುಭದ್ರಾರ ಹತ್ತಿರ ಬಂದಾಗ ಒಂದು ಗಳಿಗೆ ನಿಂತರು. ಮಳೆ ಹಿಡಿಯುವುದರೊಳಗೆ ಸರ್ವೆಯವರು ಈ ಕಡೆಗೆ ಬರುತ್ತಾರೆ, ಅವರು ಗಡಿ ಕಲ್ಲು ನೋಡುತ್ತಾರೆ, ರಂಗೋಲಿ ನೋಡುವುದಿಲ್ಲ ಎಂದು ಹೇಳಿ ಹೊರಟುಹೋದರು.

ಜೀಪಿನ ಸದ್ದು ಇಳಿಜಾರಿನಲ್ಲಿ ಕರಗಿತು. ಆಮೇಲೆ ಕಲ್ಲಮ್ಮ ಶಾಲೆಯ ಮೂಲೆಯಿಂದ ಪೊರಕೆ ತಂದಳು. ಮನೆ, ದಾರಿ, ಬನ, ನಲ್ಲಿ, ಎಲ್ಲವನ್ನೂ ಗುಡಿಸತೊಡಗಿದಳು. ಸುಭದ್ರಾ ಹತ್ತಿರ ಹೋಗಿ ತಪ್ಪಾಯಿತು ಎಂದರು. ರೇಂಜರ್ ಬರುವುದನ್ನು ನಿಮಗೆ ಮೊದಲೇ ಹೇಳಬೇಕಿತ್ತು, ನಕ್ಷೆಯಲ್ಲಿ ಏನಿರಬೇಕು ಏನಿರಬಾರದು ಎಂದು ನಿಮ್ಮನ್ನೇ ಕೇಳಬೇಕಿತ್ತು ಎಂದರು. ಕಲ್ಲಮ್ಮ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸುಭದ್ರಾರಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಪೊರಕೆ ಹಿಡಿದುಕೊಂಡೇ ಏನೋ ಯೋಚಿಸಿದಳು.

"ನಮ್ಮ ಹಂಗೆ ಬೇರೆ ಊರಿನೋರೂ ಬರ್ದಿದಾರಾ ಮೇಡಂ?"

ಬರೆದಿದ್ದಾರೆ ಎಂದರು ಸುಭದ್ರಾ. ಮೂಡಿಗೆರೆಯಿಂದ ಹೊರನಾಡಿನ ತನಕ, ಕಾಡಂಚಿನ ಎಷ್ಟೋ ಊರುಗಳವರು.

"ಅವನ್ನೂ ಗುಡಿಸಿ ಹಾಕಿದ್ರಾ?"

ಸುಭದ್ರಾ ಉತ್ತರ ಹೇಳಲು ಬಾಯಿ ತೆರೆದರು. ಒಂದೊಂದು ಊರಿನ ನಕ್ಷೆಯನ್ನೂ ಬಣ್ಣದ ಪೆನ್ನಿನಲ್ಲಿ ದೊಡ್ಡ ಹಾಳೆಗೆ ಇಳಿಸಿಕೊಂಡಿದ್ದರು. ಊರಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದ್ದರು, ಕಾಡೊಳಗಿನದೂ ಸೇರಿ ಒಂದು ಮನೆಯೂ ಬಿಟ್ಟುಹೋಗದ ಹಾಗೆ ತಾವೇ ತಿದ್ದಿದ್ದರು. ಅವೆಲ್ಲ ಮೂಡಿಗೆರೆಯ ತರಬೇತಿ ಹಾಲಿನಲ್ಲಿ, ಬಂದವರೆಲ್ಲ ನೋಡಲಿ ಎಂದು, ಗೋಡೆಯ ತುಂಬ ತೂಗುತ್ತಿದ್ದವು.

"ಇಲ್ಲ ಕಲ್ಲಮ್ಮ" ಎಂದರು ಅವರು.